ನಿಮ್ಮ ಮನೇಲೂ ನಡುರಾತ್ರಿ ನಕ್ಷೆ ಬಿಡಿಸೋರು ಇದ್ದಾರಾ?

ಬೆಳಗಿನ ಜಾವ ನಾಲ್ಕು ಗಂಟೆ ಇರಬಹುದು. ನೀರು ಕುಡಿಯೋಣ ಅಂತ ಎದ್ದು ಬಂದರೆ ಹಾಲ್‌ನಲ್ಲಿ ಲೈಟು ಉರೀತಾ ಇದೆ. ಊಟದ ಟೇಬಲ್ ತುಂಬಾ ಹಾಳೆ, ದಪ್ಪ ರಟ್ಟಿನ ಚೂರುಗಳು, ಕಟರ್, ಗಮ್ಮು. ರಾತ್ರಿ ನಾನು ಮುಚ್ಚಿಟ್ಟಿದ್ದ ಅನ್ನ-ಸಾರಿನ ತಟ್ಟೆ ಮುಚ್ಚಿದ ಹಾಗೇ ಕೂತಿದೆ. ನಮ್ಮಕ್ಕನ ಮಗಳು ಕುರ್ಚಿ ಮೇಲೆ ಎರಡೂ ಕಾಲು ಮಡಚಿಕೊಂಡು ಲ್ಯಾಪ್‌ಟಾಪ್ ನೋಡ್ತಾ ಇದ್ದಾಳೆ.

"ಇನ್ನೂ ಮಲಗಿಲ್ವೇನೇ?" ಅಂದೆ.

"ಸಂಜೆ ಆರಕ್ಕೆ ಕೊನೇ ಗಡುವು ಚಿಕ್ಕಮ್ಮ. ಇನ್ನೊಂದೇ ಶೀಟು" ಅಂದಳು, ತಲೆ ಕೂಡ ಎತ್ತದೆ.

ಇವಳು ಐದು ವರ್ಷ ಬಿ.ಆರ್ಕ್ ಓದಿ, ಬೆಂಗಳೂರಿನ ಒಂದು ಆರ್ಕಿಟೆಕ್ಟ್ ಆಫೀಸಿಗೆ ಸೇರಿ ಎರಡು ವರ್ಷ ಆಯ್ತು. ನಮ್ಮ ಮನೇಲೇ ಇರ್ತಾಳೆ. ಬೆಳಗ್ಗೆ ಒಂಬತ್ತಕ್ಕೆ ಹೋದರೆ ವಾಪಸ್ಸು ಬರೋದು ರಾತ್ರಿ ಎಂಟಕ್ಕೆ. ಅಷ್ಟು ದುಡಿದು ಬಂದ ಮೇಲೂ ಮತ್ತೆ ಇದು! ಇದಕ್ಕೆ ಸಂಬಳ ಇಲ್ಲ, ಕರೆದು ಕೊಟ್ಟೋರೂ ಇಲ್ಲ. ಬದಲಿಗೆ ಇವಳೇ ಕೈಯಿಂದ ಫೀಸು ಕಟ್ಟಿದ್ದಾಳೆ. ಯಾವುದೋ ಊರಿನ ಗ್ರಂಥಾಲಯಕ್ಕೆ ವಿನ್ಯಾಸ ಸ್ಪರ್ಧೆಯಂತೆ.

ಹಿಂದಿನ ಭಾನುವಾರ ಶಿವಮೊಗ್ಗದಲ್ಲಿ ಇವಳ ಸೋದರತ್ತೆ ಮಗಳ ನಿಶ್ಚಿತಾರ್ಥ ಇತ್ತು. ಇವಳು ಹೋಗಲಿಲ್ಲ. ಅಕ್ಕ ಫೋನ್ ಮಾಡಿ ನನ್ನ ಮೇಲೇ ಹರಿಹಾಯ್ದಳು. "ಕಾಂಪಿಟಿಷನ್ ಅಂತೆ ಕಾಂಪಿಟಿಷನ್ನು! ಏನು ಎಲ್‌ಕೆಜಿ ಮಗೂನಾ ಡ್ರಾಯಿಂಗ್ ಕಾಂಪಿಟಿಷನ್‌ಗೆ ಹೋಗೋಕೆ? ಬೀಗರ ಮುಂದೆ ನನ್ನ ಮುಖ ಎಲ್ಲಿ ಇಟ್ಕೊಳ್ಲಿ? ನೀನಾದ್ರೂ ಎರಡು ಮಾತು ಹೇಳಬಾರದೇನೇ?"

ನಿಜ ಹೇಳ್ತೀನಿ, ಆವತ್ತು ನಾನೂ ಅಕ್ಕನ ಪಕ್ಷಾನೇ ಆಗಿದ್ದೆ. ಕಣ್ಣು ಕೆಳಗೆ ಕಪ್ಪು ಕಟ್ಟಿರೋ ಹುಡುಗಿ, ಊಟ ಬಿಟ್ಟಿದ್ದಾಳೆ, ಕೈಯಿಂದ ದುಡ್ಡು ಕಳ್ಕೊಳ್ತಾ ಇದ್ದಾಳೆ. ಯಾವ ಸುಖಕ್ಕೆ? ಕೆಲಸ ಕಳಿಸಿ ಆದ ಮೇಲೆ, ಒಂದು ಭಾನುವಾರ ಕಾಫಿ ಲೋಟ ಕೈಗಿಟ್ಟು, ಪಕ್ಕದಲ್ಲಿ ಕೂರಿಸಿಕೊಂಡು ಕೇಳಿಯೇಬಿಟ್ಟೆ.

ಅವಳು ಹೇಳಿದ್ದು ಇಷ್ಟು: "ಎರಡು ವರ್ಷದಿಂದ ಆಫೀಸಲ್ಲಿ ನಾನು ಬಿಡಿಸಿರೋದು ಏನು ಗೊತ್ತಾ ಚಿಕ್ಕಮ್ಮ? ಟಾಯ್ಲೆಟ್ ಟೈಲ್ಸು, ಮೆಟ್ಟಿಲಿನ ಕಂಬಿ, ಕಿಟಕಿ ಬಾಗಿಲುಗಳ ಪಟ್ಟಿ. ಅದೂ ಬೇಕು, ಕಲಿಯಬೇಕು. ಆದ್ರೆ ಒಂದು ಇಡೀ ಕಟ್ಟಡ ನನ್ನ ತಲೇಲಿ ಹುಟ್ಟಿದ್ದು ಅಂತ ಒಂದೂ ಇಲ್ಲ. ಇಪ್ಪತ್ತೈದು ವರ್ಷದ ಹುಡುಗಿಗೆ ಯಾರು ಗ್ರಂಥಾಲಯ ಕಟ್ಟು ಅಂತ ಕೊಡ್ತಾರೆ ಹೇಳು?"

ಹೌದಲ್ವಾ? ನಾವೇ ಮನೆ ಕಟ್ಟಿಸೋವಾಗ ಏನು ಮಾಡ್ತೀವಿ? 'ಎಷ್ಟು ಮನೆ ಕಟ್ಟಿದ್ದೀರಿ?' ಅಂತ ಮೊದಲು ಕೇಳ್ತೀವಿ. ಒಂದೂ ಇಲ್ಲ ಅಂದರೆ ನಮಸ್ಕಾರ ಹೇಳಿ ಕಳಿಸ್ತೀವಿ. ಯಾರೂ ಕೊಡದೆ ಮೊದಲನೇದು ಬರೋದಾದರೂ ಎಲ್ಲಿಂದ?

ಹಾಳೆ ಮೇಲೆ ಹೆಸರಿಲ್ಲ

ಸ್ಪರ್ಧೆ ನಡೆಯೋದು ಹೀಗೆ. ಒಂದು ಜಾಗದಲ್ಲಿ ಏನೋ ಕಟ್ಟಬೇಕು ಅಂತಿಟ್ಟುಕೊಳ್ಳಿ. ಶಾಲೆ, ಮ್ಯೂಸಿಯಂ, ಸ್ಮಾರಕ, ಏನೋ ಒಂದು. ಗೊತ್ತಿರೋ ಒಬ್ಬ ಆರ್ಕಿಟೆಕ್ಟನ್ನ ಕರೆದು ಒಪ್ಪಿಸೋ ಬದಲು, 'ಜಾಗ ಇಷ್ಟಿದೆ, ಇಂತಿಂಥ ಅನುಕೂಲ ಬೇಕು, ಖರ್ಚು ಇಷ್ಟರೊಳಗೆ ಇರಲಿ, ನಕ್ಷೆ ಕಳಿಸಿ' ಅಂತ ಪ್ರಕಟಣೆ ಕೊಡ್ತಾರೆ. ಈ ವಿವರಕ್ಕೆ ಅವರ ಭಾಷೇಲಿ 'ಬ್ರೀಫ್' ಅಂತ ಹೆಸರು. ಗೆದ್ದವರದ್ದನ್ನ ನಿಜವಾಗಿ ಕಟ್ಟೋ ಸ್ಪರ್ಧೆಗಳೂ ಉಂಟು, ಬರೀ ಯೋಚನೆಗೆ ಬಹುಮಾನ ಕೊಟ್ಟು ಸುಮ್ಮನಾಗೋವೂ ಉಂಟು.

ಈ ಚಾಳಿ ಕಾಲೇಜಲ್ಲೇ ಶುರುವಾಗುತ್ತೆ. ದೇಶದ ಆರ್ಕಿಟೆಕ್ಚರ್ ವಿದ್ಯಾರ್ಥಿಗಳದ್ದೇ ಒಂದು ಸಂಘ ಇದೆ, ಹೆಸರು 'ನಾಸಾ'. ಪ್ರತಿವರ್ಷ ಕಾಲೇಜು ಕಾಲೇಜುಗಳ ನಡುವೆ ಟ್ರೋಫಿಗಳಿಗೆ ಪೈಪೋಟಿ ಇಡುತ್ತೆ. ಇವಳು ಎರಡನೇ ವರ್ಷದಲ್ಲಿದ್ದಾಗ 'ನಾಸಾಗೆ ಹೋಗ್ತಿದೀನಿ' ಅಂದಿದ್ದಕ್ಕೆ ನಮ್ಮ ಭಾವ ಮಗಳು ಅಮೆರಿಕಕ್ಕೆ ರಾಕೆಟ್ ಬಿಡೋಕೆ ಹೋಗ್ತಾಳೆ ಅಂತ ಬೀದಿಗೆಲ್ಲಾ ಹೇಳಿಬಿಟ್ಟಿದ್ದರು!

ಇದರಲ್ಲಿ ನನಗೆ ಥಟ್ ಅಂತ ಅರ್ಥವಾದ ಸಂಗತಿ ಒಂದೇ. ಒಳ್ಳೇ ಸ್ಪರ್ಧೆಗಳಲ್ಲಿ ಶೀಟಿನ ಮೇಲೆ ಹೆಸರು ಬರೆಯೋ ಹಾಗಿಲ್ಲ. ಬರೀ ಒಂದು ನಂಬರ್. ನನ್ನಂಥ ಪುಡಿ ಬರಹಗಾರ್ತಿಯರಿಗೆ ಇದು ಗೊತ್ತಿರೋ ಕಥೆಯೇ. ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗೆ ಕಳಿಸೋವಾಗ 'ಕಥೆಯ ಹಾಳೆಯಲ್ಲಿ ಹೆಸರು, ವಿಳಾಸ ಇರಕೂಡದು, ಪ್ರತ್ಯೇಕ ಹಾಳೆಯಲ್ಲಿ ಬರೆಯಿರಿ' ಅಂತ ಇರ್ತಿತ್ತಲ್ಲ? ಅದೇ. ಬರೆದಿರೋದು ಹೆಸರಾಂತ ಸಾಹಿತಿಯೋ, ಒಗ್ಗರಣೆ ಹಾಕಿ ಬಂದು ಕೂತ ಗೃಹಿಣಿಯೋ ಅಂತ ಓದೋರಿಗೆ ಗೊತ್ತಾಗೋದಿಲ್ಲ. ಆರ್ಕಿಟೆಕ್ಚರ್‌ನಲ್ಲೂ ಹಾಗೇ. ಗಂಡೋ ಹೆಣ್ಣೋ, ಯಾರ ಮಗಳೋ, ಯಾವ ಆಫೀಸೋ, ತೀರ್ಪುಗಾರರಿಗೆ ಕಾಣೋದಿಲ್ಲ. ಕಾಣೋದು ನಕ್ಷೆ ಮಾತ್ರ.

ಹೀಗೆ ಹೇಳ್ತಾ ಹೇಳ್ತಾ ಅವಳು ನನಗೆ ಮಾಯಾ ಲಿನ್ ಕಥೆ ಹೇಳಿದಳು. ಆಮೇಲೆ ನಾನೇ ಹುಡುಕಿ ಓದಿದೆ. ಇದನ್ನ ನಿಮಗೆ ಹೇಳಲೇಬೇಕು.

ನಂಬರ್ 1026

ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಲ್ಲಿ, ವಿಯೆಟ್ನಾಂ ಯುದ್ಧದಲ್ಲಿ ಸತ್ತ ಸೈನಿಕರಿಗೆ ಒಂದು ಸ್ಮಾರಕ ಆಗಬೇಕು ಅಂತ ನಿರ್ಧಾರವಾಯಿತು. ಸತ್ತವರೆಲ್ಲರ ಹೆಸರೂ ಅಲ್ಲಿ ಇರಬೇಕು ಅನ್ನೋದು ಷರತ್ತು. 1980ರಲ್ಲಿ ಸ್ಪರ್ಧೆ ಪ್ರಕಟ ಮಾಡಿದರು. ಹದಿನೆಂಟು ತುಂಬಿದ ಯಾವ ಅಮೆರಿಕನ್ ಪ್ರಜೆಯಾದರೂ ಕಳಿಸಬಹುದು, ಆರ್ಕಿಟೆಕ್ಟೇ ಆಗಿರಬೇಕು ಅಂತಿಲ್ಲ. ಬಂದಿದ್ದು ಒಟ್ಟು 1,421 ವಿನ್ಯಾಸ! ಇಡೋಕೆ ಜಾಗ ಸಾಲದೆ ವಾಯುಪಡೆಯ ವಿಮಾನ ನಿಲ್ಲಿಸೋ ದೊಡ್ಡ ಶೆಡ್ಡಿನಲ್ಲಿ ಸಾಲಾಗಿ ಜೋಡಿಸಿದರು. ಎಂಟು ಜನ ತೀರ್ಪುಗಾರರು ನಡೆದಾಡಿಕೊಂಡು ನೋಡಿದರು.

1981ರ ಮೇ ತಿಂಗಳಲ್ಲಿ ಆರಿಸಿದ್ದು 1026ನೇ ನಂಬರಿನದ್ದನ್ನ. ಹೆಸರು ತೆಗೆದು ನೋಡಿದರೆ ಮಾಯಾ ಲಿನ್. ಇಪ್ಪತ್ತೊಂದು ವರ್ಷದ ಹುಡುಗಿ. ಯೇಲ್ ವಿಶ್ವವಿದ್ಯಾಲಯದಲ್ಲಿ ಇನ್ನೂ ಪದವಿ ಓದ್ತಾ ಇದ್ದಳು. ಅಪ್ಪ-ಅಮ್ಮ ಚೀನಾದಿಂದ ಹೋಗಿ ನೆಲೆಸಿದವರು. ಆ ವಿನ್ಯಾಸ ಮಾಡಿದ್ದು ತರಗತಿಯ ಒಂದು ಪಾಠದ ಭಾಗವಾಗಿ. ತರಗತೀಲಿ ಅದಕ್ಕೆ ಸಿಕ್ಕಿದ್ದ ಗ್ರೇಡು ಎಷ್ಟು ಗೊತ್ತಾ? 'ಬಿ'! (ಮಾರ್ಕ್ಸ್ ಕಾರ್ಡ್ ನೋಡಿ ಮಕ್ಕಳ ಮೇಲೆ ರೇಗೋ ಮುಂಚೆ ಇದನ್ನೊಂದು ನೆನಪಿಟ್ಟುಕೊಳ್ಳೋಣ.)

ಅವಳ ಯೋಚನೆ ಬಹಳ ಸರಳ. ಕುದುರೆ ಮೇಲೆ ಕೂತ ವೀರ, ಕಂಬ, ಕಮಾನು ಏನೂ ಇಲ್ಲ. ನೆಲವನ್ನೇ ಸೀಳಿದ ಹಾಗೆ ಒಳಕ್ಕೆ ಇಳಿಯೋ ಎರಡು ಕಪ್ಪು ಕಲ್ಲಿನ ಗೋಡೆ, ನಡುವೆ ಒಂದು ಮೂಲೇಲಿ ಸೇರುತ್ತೆ. ಒಂದೊಂದು ಗೋಡೆಯೂ 246 ಅಡಿಗಿಂತ ಉದ್ದ. ಅದರ ಮೇಲೆ ಹೆಸರುಗಳು, ಬರೀ ಹೆಸರುಗಳು. 58 ಸಾವಿರಕ್ಕೂ ಹೆಚ್ಚು. ಅಕ್ಷರಮಾಲೆ ಪ್ರಕಾರ ಅಲ್ಲ, ಅಧಿಕಾರದ ಪ್ರಕಾರವೂ ಅಲ್ಲ, ಒಬ್ಬರ ಹಿಂದೆ ಒಬ್ಬರು ಹೋದ ಕ್ರಮದಲ್ಲಿ. ಒಂದೇ ದಿನ ಒಟ್ಟಿಗೆ ಸತ್ತ ಗೆಳೆಯರ ಹೆಸರು ಗೋಡೆ ಮೇಲೂ ಅಕ್ಕಪಕ್ಕ.

ಈಗ ಕೇಳಿ, ನನ್ನ ಮೈ ಜುಮ್ ಅಂದ ವಿಷಯ. ಆ ಕಪ್ಪು ಗ್ರಾನೈಟ್ ಹೋಗಿದ್ದು ನಮ್ಮ ಬೆಂಗಳೂರು ಕಡೆಯಿಂದ! ಕೆನಡಾ, ಸ್ವೀಡನ್ ಕಲ್ಲೂ ಇತ್ತಂತೆ. ಆದರೆ ಯುದ್ಧಕ್ಕೆ ಹೋಗೋದು ತಪ್ಪಿಸಿಕೊಂಡವರು ಓಡಿಹೋಗಿದ್ದು ಆ ದೇಶಗಳಿಗೆ, ಹಾಗಾಗಿ ಅಲ್ಲಿನ ಕಲ್ಲು ಬೇಡ ಅಂತಾಯಿತು. ಇಲ್ಲಿಂದ ಹೋದ ಕಲ್ಲಿಗೆ ಅಲ್ಲಿ ಪಾಲಿಷ್ ಮಾಡಿ ಹೆಸರು ಕೆತ್ತಿದರು. ನಾವು ಅಡುಗೆಮನೆ ಕಟ್ಟೆಗೆ ಹಾಕಿಸಿಕೊಳ್ತೀವಲ್ಲ ಕಪ್ಪು ಗ್ರಾನೈಟು, ಒರೆಸಿದ ಮೇಲೆ ನಮ್ಮ ಮುಖವೇ ಕಾಣೋವಷ್ಟು ಹೊಳೆಯುತ್ತಲ್ಲ, ಆ ಹೊಳಪೇ ಮಾಯಾಗೆ ಬೇಕಾಗಿದ್ದು. ಮಗನ ಹೆಸರು ಹುಡುಕಿಕೊಂಡು ಬಂದ ತಾಯಿಗೆ ಆ ಹೆಸರಿನ ಹಿಂದೆ ತನ್ನ ಮುಖವೂ ಕಾಣಬೇಕು ಅಂತ.

ಗೆದ್ದಿದ್ದಕ್ಕೆ ಬಹುಮಾನ 20 ಸಾವಿರ ಡಾಲರ್. ಆದರೆ ಗೆದ್ದ ಮೇಲೆ ಆಕೆಗೆ ಸುಖ ಇತ್ತಾ? ಇಲ್ಲ. ಇದು ಸ್ಮಾರಕ ಅಲ್ಲ, ಅವಮಾನದ ಗುರುತು ಅಂತ ಕೆಲವರು ಕೂಗಾಡಿದರು. ಏಷ್ಯಾದಲ್ಲಿ ಆದ ಯುದ್ಧಕ್ಕೆ ಏಷ್ಯಾ ಮುಖದ ಹುಡುಗಿ ಯಾಕೆ ಅಂತಲೂ ಆಡಿಕೊಂಡರು. ಅವಳು ಹುಟ್ಟಿ ಬೆಳೆದಿದ್ದು ಅಮೆರಿಕದ ಒಹಾಯೋದಲ್ಲೇ ಅನ್ನೋದನ್ನ ಮರೆತು! ಆ ವಯಸ್ಸಿನ ಹುಡುಗಿ ದೊಡ್ಡ ದೊಡ್ಡವರ ಸಭೇಲಿ ಎದ್ದು ನಿಂತು ತನ್ನ ವಿನ್ಯಾಸವನ್ನ ಸಮರ್ಥಿಸಿಕೊಂಡಳು. ಕೊನೆಗೆ ರಾಜಿಯಾಗಿ ಸ್ವಲ್ಪ ದೂರದಲ್ಲಿ ಮೂವರು ಸೈನಿಕರ ಪ್ರತಿಮೆ, ಒಂದು ಧ್ವಜಸ್ತಂಭ ಸೇರಿಸಿದರು. ಗೋಡೆ ಮಾತ್ರ ಅವಳು ಬರೆದ ಹಾಗೇ ಎದ್ದಿತು. 1982ರ ನವೆಂಬರ್‌ನಲ್ಲಿ ಉದ್ಘಾಟನೆ ಆಯಿತು.

ಸ್ಪರ್ಧೇಲಿ ಹೆಸರು ಗೊತ್ತಾಗೋ ಹಾಗಿದ್ದಿದ್ದರೆ ತಾನು ಗೆಲ್ಲುತ್ತಲೇ ಇರಲಿಲ್ಲ ಅಂತ ಮಾಯಾ ಲಿನ್ ಆಮೇಲೆ ಹೇಳಿಕೊಂಡಿದ್ದಾರೆ. 2016ರಲ್ಲಿ ಆಗಿನ ಅಧ್ಯಕ್ಷ ಒಬಾಮ ಕೈಯಿಂದ ಆ ದೇಶದ ಅತ್ಯುನ್ನತ ನಾಗರಿಕ ಪದಕ ಪಡೆದರು. ಇವತ್ತು ಆ ಗೋಡೆಯ ಹತ್ತಿರ ಬಂದವರು ಹೆಸರಿನ ಮೇಲೆ ಹಾಳೆ ಇಟ್ಟು ಪೆನ್ಸಿಲ್‌ನಿಂದ ಉಜ್ಜಿ ಅಚ್ಚು ತೆಗೆದುಕೊಂಡು ಹೋಗ್ತಾರೆ.

ಗೆದ್ದರೂ ಕಟ್ಟದೇ ಹೋದರೆ?

ಎಲ್ಲರಿಗೂ ಈ ಯೋಗ ಇರೋದಿಲ್ಲ ಅನ್ನಿ. ಸಾವಿರದ ನಾನ್ನೂರ ಇಪ್ಪತ್ತೊಂದರಲ್ಲಿ ಒಬ್ಬಳು ಮಾಯಾ. ಮಿಕ್ಕ ಸಾವಿರದ ನಾನ್ನೂರ ಇಪ್ಪತ್ತು ಜನರ ಮನೇಲೂ ಊಟದ ತಟ್ಟೆ ಮುಚ್ಚಿದ ಹಾಗೇ ಇದ್ದಿರಬೇಕಲ್ವಾ?

ಅದಿರಲಿ, ಗೆದ್ದೂ ಕಟ್ಟಡ ಏಳದೇ ಹೋಗೋದುಂಟು. ಜಹಾ ಹದೀದ್ ಹೆಸರು ಕೇಳಿರಬಹುದು. ಇರಾಕಿನ ಬಾಗ್ದಾದ್‌ನಲ್ಲಿ ಹುಟ್ಟಿ ಲಂಡನ್‌ನಲ್ಲಿ ನೆಲೆಸಿದ್ದ ಹೆಣ್ಣುಮಗಳು. 1983ರಲ್ಲಿ ಹಾಂಗ್‌ಕಾಂಗ್‌ನ ಬೆಟ್ಟದ ಮೇಲಿನ ಒಂದು ಕ್ಲಬ್ಬಿನ ಸ್ಪರ್ಧೆ ಗೆದ್ದರು. ಅವರ ಶೀಟುಗಳನ್ನ ಮೊದಲು ಪಕ್ಕಕ್ಕೆ ಸರಿಸಿಬಿಟ್ಟಿದ್ದರಂತೆ. ತೀರ್ಪುಗಾರರಲ್ಲಿ ಒಬ್ಬರಾಗಿದ್ದ ಜಪಾನಿನ ಅರಾಟಾ ಇಸೋಜಾಕಿ ಅದನ್ನ ಮತ್ತೆ ಎತ್ತಿಕೊಂಡು ಬಂದು ಗೆಲ್ಲಿಸಿದರು ಅಂತಾರೆ. ಆದರೆ ಆ ಕಟ್ಟಡ ಏಳಲೇ ಇಲ್ಲ. ಜಹಾ ಹೆಸರು ಮಾಡಿದ ಮೊದಲ ಕಟ್ಟಡ, ಜರ್ಮನಿಯ ಒಂದು ಕಾರ್ಖಾನೆಯ ಅಗ್ನಿಶಾಮಕ ಠಾಣೆ, ಮುಗಿದಿದ್ದು 1993ರಲ್ಲಿ. ಹತ್ತು ವರ್ಷ! ಅಲ್ಲೀವರೆಗೂ ಆಕೆ 'ಬರೀ ಹಾಳೆ ಮೇಲೆ ಕಟ್ಟೋಳು' ಅನ್ನೋ ಮಾತು ಕೇಳಿಸಿಕೊಂಡೇ ಕೆಲಸ ಮಾಡಿದರು. ಆದರೆ ಆ ಹಾಳೆಗಳೇ ಅವರ ಹೆಸರನ್ನ ದೇಶದೇಶಕ್ಕೆ ಒಯ್ದವು. 2004ರಲ್ಲಿ ಆರ್ಕಿಟೆಕ್ಟ್‌ಗಳ ನೊಬೆಲ್ ಅಂತ ಕರೆಸಿಕೊಳ್ಳೋ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಹೆಂಗಸು ಆದರು. 2016ರಲ್ಲಿ ತೀರಿಕೊಂಡರು.

ನಮ್ಮಲ್ಲಿ ಇಲ್ವಾ ಅಂದರೆ, ಇದೆ. ದೆಹಲಿಯ ಇಂಡಿಯಾ ಗೇಟ್ ಪಕ್ಕದಲ್ಲಿ 2019ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕ ಸ್ಪರ್ಧೆಯಿಂದಲೇ ಬಂದದ್ದು. ಗೆದ್ದವರು ದೆಹಲಿಯ ಯಾವುದೋ ಭಾರಿ ಕಂಪನಿಯಲ್ಲ, ಚೆನ್ನೈನ ಯೋಗೇಶ್ ಚಂದ್ರಹಾಸನ್ ಮತ್ತು ಅವರ ಸಂಸ್ಥೆ. ಚಕ್ರವ್ಯೂಹದ ಹಾಗೆ ಒಂದರೊಳಗೊಂದು ವೃತ್ತ, ಗೋಡೆಗಳ ಗ್ರಾನೈಟ್ ಮೇಲೆ 25 ಸಾವಿರಕ್ಕೂ ಹೆಚ್ಚು ಯೋಧರ ಹೆಸರು.

ಅಷ್ಟು ದೂರ ಯಾಕೆ, ಬೆಂಗಳೂರಿನವರು ದಿನಾ ಬಸ್ಸಿನಲ್ಲಿ ದಾಟಿ ಹೋಗೋ ಫ್ರೀಡಂ ಪಾರ್ಕ್ ಇದೆಯಲ್ಲ, ತುರ್ತು ಪರಿಸ್ಥಿತೀಲಿ ವಾಜಪೇಯಿ, ಅಡ್ವಾಣಿ ಅವರನ್ನ ಇಟ್ಟಿದ್ದ ಹಳೇ ಸೆಂಟ್ರಲ್ ಜೈಲು, ಅದನ್ನ ಪಾರ್ಕ್ ಮಾಡೋದು ಹೇಗೆ ಅಂತಲೂ ಸ್ಪರ್ಧೆ ಇಟ್ಟಿದ್ದರು. ಗೆದ್ದದ್ದು ಬೆಂಗಳೂರಿನವರೇ ಆದ ಸೌಮಿತ್ರೋ ಘೋಷ್, ನಿಶಾ ಮ್ಯಾಥ್ಯೂ ಘೋಷ್ ದಂಪತಿ. ಜೈಲನ್ನ ಪೂರ್ತಿ ಕೆಡವದೆ, ಕಾವಲು ಗೋಪುರ, ಬ್ಯಾರಕ್ ಎಲ್ಲ ಉಳಿಸಿಕೊಂಡೇ ಪಾರ್ಕ್ ಮಾಡಿದರು. 2008ರಲ್ಲಿ ಜನರಿಗೆ ತೆರೆಯಿತು. ಮುಂದಿನ ಸಲ ಆ ಕಡೆ ಹೋದಾಗ ಮಕ್ಕಳನ್ನ ಒಳಗೆ ಕರೆದುಕೊಂಡು ಹೋಗಿ ತೋರಿಸಿ.

ಜೇಬಿನ ಕಡೆಗೂ ಒಂದು ಕಣ್ಣಿರಲಿ

ಹೀಗಂತ ಎಲ್ಲಾ ಸ್ಪರ್ಧೆಗೂ ಹಾರಿ ಬೀಳೋದು ಜಾಣತನ ಅಲ್ಲ. ಈ ಮಾತನ್ನ ಅಕ್ಕನ ಮಗಳೇ ಒಪ್ಪಿಕೊಂಡಳು. ಕಳೆದ ವರ್ಷ ಯಾವುದೋ ಒಂದಕ್ಕೆ ಇವಳೂ ಇನ್ನಿಬ್ಬರು ಗೆಳತಿಯರೂ ಸೇರಿ ಫೀಸು ಕಟ್ಟಿ, ಮೂರು ವಾರ ಕೂತು ಮಾಡಿ ಕಳಿಸಿದ್ದರು. ಫಲಿತಾಂಶದ ದಿನ ಮುಂದಕ್ಕೆ ಹೋಯ್ತು, ಮತ್ತೆ ಮುಂದಕ್ಕೆ ಹೋಯ್ತು, ಆಮೇಲೆ ಸುದ್ದಿಯೇ ಇಲ್ಲ. ಫೋನ್ ಎತ್ತೋರೂ ಇಲ್ಲ. ತಾಯಂದಿರಾದ ನಮಗೆ ನಕ್ಷೆ ಅರ್ಥ ಆಗದಿರಬಹುದು, ಆದರೆ ಚೀಟಿ ವ್ಯವಹಾರದಲ್ಲಿ, ಸೀರೆ ಕಂತಿನಲ್ಲಿ ಪೆಟ್ಟು ತಿಂದು ಕಲಿತಿರ್ತೀವಲ್ಲ, ಆ ಬುದ್ಧಿ ಇಲ್ಲಿ ಉಪಯೋಗಕ್ಕೆ ಬರುತ್ತೆ. ದುಡ್ಡು ಕಟ್ಟೋ ಮುಂಚೆ ಆ ಬ್ರೀಫ್ ಪೂರ್ತಿ ಓದಿದ್ಯಾ ಅಂತ ಕೇಳಿ. ನಡೆಸೋರು ಯಾರು, ಹಿಂದೆ ನಡೆಸಿದ್ದಾರಾ, ಆಗ ಗೆದ್ದವರ ಹೆಸರು ಹಾಕಿದ್ದಾರಾ? ತೀರ್ಪುಗಾರರ ಹೆಸರು ಮೊದಲೇ ಹೇಳಿದ್ದಾರಾ, ಅವರಲ್ಲಿ ಆರ್ಕಿಟೆಕ್ಟ್‌ಗಳು ಇದ್ದಾರಾ? ಗೆದ್ದರೆ ಕಟ್ಟೋ ಕೆಲಸ ನಿನಗೇ ಸಿಗುತ್ತಾ, ಬರೀ ಸರ್ಟಿಫಿಕೇಟಾ?

ಎಲ್ಲಕ್ಕಿಂತ ಮುಖ್ಯವಾದದ್ದು ಸಣ್ಣ ಅಕ್ಷರದಲ್ಲಿರುತ್ತೆ. 'ಕಳಿಸಿದ ಎಲ್ಲಾ ವಿನ್ಯಾಸಗಳ ಹಕ್ಕು ಆಯೋಜಕರದ್ದು' ಅನ್ನೋ ಸಾಲು ಇದ್ದರೆ ಎರಡು ಸಲ ಯೋಚಿಸಬೇಕು. ಸೋತೋರ ಯೋಚನೆಯನ್ನೂ ಪುಕ್ಕಟೆ ಉಪಯೋಗಿಸಿಕೊಳ್ಳೋಕೆ ಅದೊಂದು ದಾರಿ. ನಮ್ಮ ದೇಶದಲ್ಲಿ ಆರ್ಕಿಟೆಕ್ಟ್‌ಗಳನ್ನ ನೋಂದಾಯಿಸೋ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್, ಇಂಥ ಸ್ಪರ್ಧೆಗಳು ಹೇಗೆ ನಡೀಬೇಕು ಅಂತ ಮಾರ್ಗಸೂಚಿ ಮಾಡಿದೆ. ದೊಡ್ಡ ಸ್ಪರ್ಧೆಗೆ ಕೈ ಹಾಕೋ ಮುಂಚೆ ಅದಕ್ಕೆ ಹೋಲಿಸಿ ನೋಡಿಕೊಳ್ಳೋದು ಒಳ್ಳೇದು.

ಇನ್ನು ವರ್ಷಕ್ಕೆ ಎಷ್ಟು? ನಮ್ಮಿಬ್ಬರ ಮಧ್ಯೆ ಆಗಿರೋ ಒಪ್ಪಂದ ವರ್ಷಕ್ಕೆ ಎರಡು. ಒಬ್ಬಳೇ ಕೂರೋದು ಬೇಡ, ಇಬ್ಬರು ಮೂವರು ಸೇರಿ ಮಾಡಿ ಅಂದೆ. ಖರ್ಚೂ ಹಂಚಿಹೋಗುತ್ತೆ, ನಿದ್ದೆಯೂ ಸ್ವಲ್ಪ ಉಳಿಯುತ್ತೆ. ಮುಂದೆ ಯಾರ ಜೊತೆ ಸೇರಿ ಸ್ವಂತ ಆಫೀಸು ಮಾಡಬಹುದು, ಯಾರು ಗಡುವಿನ ಹಿಂದಿನ ದಿನ ಫೋನ್ ಸ್ವಿಚ್ ಆಫ್ ಮಾಡ್ತಾರೆ ಅನ್ನೋದೂ ಇಲ್ಲೇ ಗೊತ್ತಾಗಿಬಿಡುತ್ತೆ! ಕೊನೇ ವಾರ ಊಟ ತಟ್ಟೇಲಿ ಮುಚ್ಚಿಡೋದು ಬಿಟ್ಟೆ. ಒಂದು ಕೈಯಲ್ಲಿ ಮೌಸ್ ಹಿಡಿದು ಇನ್ನೊಂದು ಕೈಯಲ್ಲಿ ತಿನ್ನೋ ಹಾಗೆ ಚಪಾತಿ ಸುರುಳಿ ಸುತ್ತಿ ಇಟ್ಟರೆ ಖಾಲಿಯಾಗಿರುತ್ತೆ. 'ಎಷ್ಟು ದುಡ್ಡು ಬಂತು?' ಅನ್ನೋ ಪ್ರಶ್ನೆಯನ್ನ ನೆಂಟರು ಹೇಗೂ ಕೇಳ್ತಾರೆ, ನಾವು ಕೇಳೋದು ಬೇಡ. 'ಏನು ಮಾಡ್ದೆ, ತೋರಿಸು' ಅಂದು ನೋಡಿ. ಆರ್ಕಿಟೆಕ್ಚರ್ ಗೊತ್ತಿಲ್ಲದ ಚಿಕ್ಕಮ್ಮನಿಗೆ ಅರ್ಥ ಆಗೋ ಹಾಗೆ ಹೇಳೋಕೆ ಬಂದರೆ ಮುಂದೆ ಮನೆ ಕಟ್ಟಿಸೋರಿಗೂ ಹೇಳೋಕೆ ಬರುತ್ತೆ. ಇವಳು ನನಗೆ ಗ್ರಂಥಾಲಯ ವಿವರಿಸೋವಾಗ 'ಹೆಂಗಸರು ಪೇಪರ್ ಓದೋಕೆ ಎಲ್ಲಿ ಕೂರ್ತಾರೆ?' ಅಂತ ಕೇಳಿದೆ. ಒಂದು ನಿಮಿಷ ಸುಮ್ಮನಿದ್ದು, ಮೂಲೇಲಿ ಒಂದು ಜಗಲಿ ಸೇರಿಸಿದಳು.

ಫಲಿತಾಂಶ ಬಂತು. ಬಹುಮಾನದ ಪಟ್ಟೀಲಿ ಇವಳ ನಂಬರ್ ಇರಲಿಲ್ಲ. ಎರಡು ದಿನ ಮಾತಿಲ್ಲ, ಕಥೆಯಿಲ್ಲ. ಅಕ್ಕನಿಗೆ ನಾನು ಹೇಳಲೂ ಇಲ್ಲ. ಮೂರನೇ ದಿನ ರಾತ್ರಿ ಗೆದ್ದವರ ಶೀಟುಗಳನ್ನ ಲ್ಯಾಪ್‌ಟಾಪಿನಲ್ಲಿ ತೆಗೆದು ಬಹಳ ಹೊತ್ತು ನೋಡ್ತಾ ಕೂತಿದ್ದಳು.

"ಇಲ್ನೋಡು ಚಿಕ್ಕಮ್ಮ" ಅಂತ ಕರೆದಳು. "ಜಾಗದಲ್ಲಿ ಒಂದು ದೊಡ್ಡ ಮರ ಇತ್ತು. ನಾನು ಅದನ್ನ ಮೂಲೇಲಿ ಬಿಟ್ಟು ಈ ಕಡೆ ಕಟ್ಟಿದೆ. ಇವರು ಮರದ ಸುತ್ತಲೇ ಕಟ್ಟಿದ್ದಾರೆ, ಓದೋರಿಗೆ ಬೇಸಿಗೇಲಿ ಫ್ಯಾನೇ ಬೇಡ. ಅದೇ ಜಾಗ, ಅದೇ ಅಳತೆ. ನನಗ್ಯಾಕೆ ಕಾಣಲಿಲ್ಲ?"

ಆಫೀಸಿನ ಟೈಲ್ಸ್ ಲೆಕ್ಕದಲ್ಲಿ ಈ ಪ್ರಶ್ನೆ ಅವಳಿಗೆ ಬರ್ತಿತ್ತಾ? ನನಗೆ ಅನುಮಾನ.

ಮೊನ್ನೆ ಅವಳ ಪೋರ್ಟ್‌ಫೋಲಿಯೋ, ಅಂದರೆ ಕೆಲಸಕ್ಕೆ ಅರ್ಜಿ ಹಾಕೋವಾಗ ತೋರಿಸೋ ನಕ್ಷೆಗಳ ಪುಸ್ತಕ, ತೆರೆದು ನೋಡಿದೆ. ಮೊದಲ ಪುಟಕ್ಕೇ ಆ ಸೋತ ಗ್ರಂಥಾಲಯ ಹಾಕಿದ್ದಾಳೆ, ಜಗಲಿ ಸಮೇತ. ಅಕ್ಕನಿಗೆ ಅದರ ಫೋಟೋ ಕಳಿಸಿದೆ. "ಚೆನ್ನಾಗಿದೆ ಕಣೇ, ಇದು ಎಲ್ಲಿ ಕಟ್ತಾರಂತೆ?" ಅಂತ ಕೇಳಿದ್ದಾಳೆ. ಏನು ಉತ್ತರ ಕೊಡೋದು ಅಂತ ಯೋಚಿಸ್ತಾ ಇದ್ದೀನಿ. ಈ ವರ್ಷದ ಎರಡನೇ ಸ್ಪರ್ಧೆಗೆ ಫೀಸು ಕಟ್ಟಿ ಆಗಿದೆ, ಊಟದ ಟೇಬಲ್ ಒಂದು ವಾರ ತನಗೇ ಬೇಕು ಅಂತ ಈಗಲೇ ಹೇಳಿಟ್ಟಿದ್ದಾಳೆ. ಅದೇ ವಾರ ನಮ್ಮನೇಲಿ ಗೌರಿ ಹಬ್ಬ.